ಅಪ್ಪನ ಮೇಲ್‌ಗಳಲ್ಲಿ ವಿಷಯದ ಸಾಲು ಬಿಟ್ಟರೆ ಬೇರೇನೂ ಇಲ್ಲ, ಹುಡುಕಿದರೆ ಅರ್ಧ ಸಿಗುತ್ತಿಲ್ಲ

ಎರೆಹೊಲ (ಧಾರವಾಡ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ.

ನಮ್ಮದು ನವಲಗುಂದದ ಹತ್ತಿರ ಎರೆ ಹೊಲ. ಅಪ್ಪ ಅಲ್ಲಿ ಒಂದು ಮಳೆಮಾಪಕ ಇಟ್ಟಿದ್ದರು. ದಿನಾ ಬೆಳಿಗ್ಗೆ ಎಂಟೂವರೆಗೆ ಅಳೆಯುತ್ತಿದ್ದರು. ಹವಾಮಾನ ಇಲಾಖೆಯವರು ಅದೇ ಹೊತ್ತಿಗೆ ಅಳೆಯುತ್ತಾರೆ, ನಾವೂ ಹಾಗೇ ಮಾಡಿದರೆ ಮಾತ್ರ ಹೋಲಿಸಲು ಬರುತ್ತದೆ ಅನ್ನುತ್ತಿದ್ದರು. ಅಳೆದ ಕೂಡಲೇ ನನಗೆ ಒಂದು ಮೇಲ್. ಹೇಳುವುದೆಲ್ಲಾ ವಿಷಯದ ಸಾಲಿನಲ್ಲೇ. "ಮಳೆ 22 ಮಿಮೀ". "ಮಿರಗ ಕೂಡಿತು 14 ಮಿಮೀ" (ಮಿರಗ ಅಂದರೆ ಮೃಗಶಿರಾ ಮಳೆ). "ಹೆಸರು ಬಿತ್ತಿದೆವು". ತೆರೆದು ನೋಡಿದರೆ ಒಳಗೆ ಖಾಲಿ. 2014ರಲ್ಲಿ ಶುರು ಮಾಡಿದವರು ಕೊನೆಯ ತನಕ ಬಿಡಲಿಲ್ಲ.

ಅಪ್ಪ ಹೋಗಿ ಎರಡು ವರ್ಷ ಆಯಿತು. ಆ ಮೇಲ್‌ಗಳನ್ನೆಲ್ಲಾ ಇಳಿಸಿಕೊಂಡು ಮನೆಯ ಕಂಪ್ಯೂಟರಿನಲ್ಲಿ ಇಟ್ಟಿದ್ದೇವೆ. ಅಕ್ಕನ ಮಗ ಹುಡುಕಲು ಒಂದು ಪುಟ ಮಾಡಿಕೊಟ್ಟ. "ಮಿರಗ" ಅಂತ ಹಾಕಿದರೆ ಕೆಲವು ವರ್ಷದ್ದು ಬರುತ್ತದೆ, ಕೆಲವು ವರ್ಷದ್ದು ಬರುವುದೇ ಇಲ್ಲ. ಆದರೆ ಪಟ್ಟಿಯಲ್ಲಿ ಕೆಳಗೆ ಸರಿಸುತ್ತಾ ಹೋದರೆ ಅವು ಕಣ್ಣಿಗೆ ಬೀಳುತ್ತವೆ. ಇದ್ದೂ ಸಿಗುತ್ತಿಲ್ಲ. ಯಾಕೆ ಅಂತ ಯಾರಾದರೂ ಹೇಳುತ್ತೀರಾ?

ಏಲಕ್ಕಿ ಹಾರ (ಹಾವೇರಿ)

ನಮ್ಮಲ್ಲೂ ಇದೇ ಗೋಳು. ಬ್ಯಾಡಗಿ ಮೆಣಸಿನಕಾಯಿ ಪೇಟೆಯ ದರ ಕಳಿಸುವವರು ಒಳಗೆ ಏನೂ ಬರೆಯುವುದಿಲ್ಲ. ವಿಷಯದಲ್ಲಿ "ಕಡ್ಡಿ" ಇಷ್ಟು, "ಡಬ್ಬಿ" ಇಷ್ಟು (ಎರಡೂ ಮೆಣಸಿನಕಾಯಿಯ ಬಗೆ) ಅಂತ ಹಾಕಿ ಮುಗಿಸುತ್ತಾರೆ. ಅವಸರದ ಕೆಲಸ, ತಪ್ಪು ಅನ್ನಲಾಗದು. ಆದರೆ ತಿಂಗಳು ಬಿಟ್ಟು ಹುಡುಕಿದರೆ ಸಿಗುವುದಿಲ್ಲ. ವಿಷಯ ಮಾತ್ರ ಬರೆದು ಕಳಿಸಿದರೆ ಅದು ಪೂರ್ತಿ ಮೇಲ್ ಅನ್ನಿಸಿಕೊಳ್ಳುವುದಿಲ್ಲವೇನೋ ಅಂದುಕೊಂಡು ಸುಮ್ಮನಾಗಿದ್ದೆ.

ಉಣಕಲ್ ದಂಡೆ (ಹುಬ್ಬಳ್ಳಿ)

ಏಲಕ್ಕಿ ಹಾರ ಅವರೇ, ಖಂಡಿತಾ ಪೂರ್ತಿ ಮೇಲ್. ಮೇಲ್ ಹೇಗಿರಬೇಕು ಅಂತ ಹೇಳುವ ನಿಯಮವೇ ಇದೆ, 2008ರ ಆರ್‌ಎಫ್‌ಸಿ 5322. ಅದರ ಪ್ರಕಾರ ಮೇಲ್‌ನ ಮೇಲ್ಭಾಗದ ತಲೆಬರಹದಲ್ಲಿ ಎರಡು ಮಾತ್ರ ಇರಲೇಬೇಕು. ಕಳಿಸಿದವರು ಯಾರು, ಯಾವ ದಿನಾಂಕ. ವಿಷಯ ಕೂಡ ಕಡ್ಡಾಯ ಅಲ್ಲ. ಒಳಗಿನ ಬರಹವಂತೂ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಖಾಲಿ ಮೇಲ್ ಕಳಿಸಿದವರದ್ದು ಯಾವ ತಪ್ಪೂ ಇಲ್ಲ.

ನಿಮ್ಮ ಕಡೆ ಆಗಿರುವುದು ಬೇರೆ ಇರಬಹುದು. ಮೇಲ್ ಪೆಟ್ಟಿಗೆಯಲ್ಲಿ ಹುಡುಕುವ ಐಮ್ಯಾಪ್ ಪದ್ಧತಿಯಲ್ಲಿ ಮೂರು ದಾರಿ ಇವೆ. ವಿಷಯದಲ್ಲಿ ಮಾತ್ರ ಹುಡುಕು, ಒಳಗೆ ಮಾತ್ರ ಹುಡುಕು, ಎರಡೂ ಕಡೆ ಹುಡುಕು. ನಿಮ್ಮ ಆ್ಯಪ್‌ನಲ್ಲಿ ಎರಡನೆಯದು ಆಯ್ಕೆ ಆಗಿದ್ದರೆ ಒಳಗೆ ಖಾಲಿ ಇರುವ ಮೇಲ್ ಜನ್ಮದಲ್ಲೂ ಸಿಗುವುದಿಲ್ಲ. ಸೆಟ್ಟಿಂಗ್ ನೋಡಿ.

ಎರೆಹೊಲ ಅವರೇ, ನಿಮ್ಮದು ಮನೆಯಲ್ಲೇ ಮಾಡಿದ ಪುಟ. ಒಂದು ಕೇಳುತ್ತೇನೆ. ಯಾವ ವರ್ಷದ್ದು ಸಿಗುತ್ತದೆ, ಯಾವ ವರ್ಷದ್ದು ಸಿಗುವುದಿಲ್ಲ? ನಡುವೆ ಏನಾದರೂ ಬದಲಾಗಿತ್ತಾ?

ಎರೆಹೊಲ (ಧಾರವಾಡ)

ಈಗ ಕುಳಿತು ನೋಡಿದೆ. 2014ರಿಂದ 2017ರ ಯುಗಾದಿ ತನಕದ್ದು ಸಿಗುತ್ತದೆ. ಆಮೇಲಿನದ್ದು ಅಲ್ಲೊಂದು ಇಲ್ಲೊಂದು ಮಾತ್ರ.

ಬದಲಾಗಿದ್ದು ಫೋನ್. ಆ ಯುಗಾದಿಗೆ ಅಪ್ಪನಿಗೆ ಹೊಸ ಫೋನ್ ಕೊಡಿಸಿದ್ದೆ.

ಉಣಕಲ್ ದಂಡೆ (ಹುಬ್ಬಳ್ಳಿ)

ಹಳೆಯ ಫೋನಿನಿಂದ ಬಂದ ಒಂದು ಮೇಲ್ ತೆರೆಯಿರಿ. ಒಳಗೆ ನಿಜವಾಗಿ ಖಾಲಿ ಇದೆಯಾ?

ಎರೆಹೊಲ (ಧಾರವಾಡ)

ಇಲ್ಲ! "ನನ್ನ ಮೊಬೈಲ್‌ನಿಂದ ಕಳಿಸಿದ್ದು" ಅಂತ ಇಂಗ್ಲಿಷಿನಲ್ಲಿ ಒಂದು ಸಾಲು ತಾನಾಗೇ ಸೇರಿಕೊಂಡಿದೆ. ಇಷ್ಟು ವರ್ಷ ಅದನ್ನು ಗಮನಿಸಿಯೇ ಇರಲಿಲ್ಲ. ಹೊಸ ಫೋನಿನ ಮೇಲ್‌ನಲ್ಲಿ ಅದೂ ಇಲ್ಲ.

ಉಣಕಲ್ ದಂಡೆ (ಹುಬ್ಬಳ್ಳಿ)

ಸಿಕ್ಕಿತು. ಹಳೆಯ ಮೇಲ್‌ಗಳನ್ನು ಉಳಿಸಿದ್ದು ಆ ಸಾಲು.

ಡೇಟಾಬೇಸಿನಲ್ಲಿ ವಿಷಯಕ್ಕೆ ಒಂದು ಕಾಲಂ, ಒಳಬರಹಕ್ಕೆ ಒಂದು ಕಾಲಂ ಇರುತ್ತದೆ. ಹುಡುಕಾಟಕ್ಕೆ ಸೂಚಿ (ಯಾವ ಪದ ಯಾವ ಮೇಲ್‌ನಲ್ಲಿದೆ ಅನ್ನುವ ಪಟ್ಟಿ) ಕಟ್ಟುವಾಗ ಎರಡನ್ನೂ ಜೋಡಿಸಿ ಒಂದೇ ಪಠ್ಯ ಮಾಡುತ್ತಾರೆ. ಒಳಬರಹ ಇಲ್ಲದಿದ್ದಾಗ ಆ ಕಾಲಂನಲ್ಲಿ ಬಹಳ ಸಲ "ನಲ್" ಕೂರುತ್ತದೆ. ನಲ್ ಅಂದರೆ ಖಾಲಿ ಅಲ್ಲ, "ಗೊತ್ತಿಲ್ಲ" ಅಂತ ಅರ್ಥ. ಎಪಿಎಂಸಿಯಲ್ಲಿ ಎರಡು ಚೀಲ ತೂಗುತ್ತೀರಿ ಅಂದುಕೊಳ್ಳಿ. ಒಂದು ಚೀಲ ಬರಿದಾಗಿದ್ದರೆ ಇನ್ನೊಂದರ ತೂಕವೇ ಒಟ್ಟು ತೂಕ. ಆದರೆ ಒಂದು ಚೀಲದ ತೂಕ "ಗೊತ್ತಿಲ್ಲ" ಅಂತ ಚೀಟಿಯಲ್ಲಿ ಬರೆದಿದ್ದರೆ? ಒಟ್ಟು ತೂಕವೂ ಗೊತ್ತಿಲ್ಲ. ಡೇಟಾಬೇಸಿನ ಭಾಷೆಯಾದ ಎಸ್‌ಕ್ಯೂಎಲ್‌ನ ನಿಯಮ ಇದೇ. ಯಾವುದೇ ಅಕ್ಷರಸಾಲಿಗೆ ನಲ್ ಜೋಡಿಸಿದರೆ ಪೂರ್ತಿ ನಲ್ ಆಗುತ್ತದೆ. ಅಪ್ಪ ಬರೆದ "ಮಿರಗ ಕೂಡಿತು" ಅನ್ನುವುದನ್ನೂ ಅದು ನುಂಗಿಬಿಡುತ್ತದೆ. ಎಚ್ಚರಿಕೆ ಬರುವುದಿಲ್ಲ, ದೋಷ ತೋರಿಸುವುದಿಲ್ಲ. ಸೂಚಿಯಲ್ಲಿ ಆ ಮೇಲ್‌ನ ಒಂದು ಪದವೂ ಇರುವುದಿಲ್ಲ, ಅಷ್ಟೇ.

ಮದ್ದು ಸಣ್ಣದು. ಜೋಡಿಸುವ ಮೊದಲು "ಕೊಅಲೆಸ್" ಅನ್ನುವ ಫಂಕ್ಷನ್ ಬಳಸಿ, ನಲ್ ಇದ್ದಲ್ಲಿ ಖಾಲಿ ಸಾಲು ಇಡಬೇಕು. ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸಿನ ಕೈಪಿಡಿಯಲ್ಲಿ ಶೀರ್ಷಿಕೆ ಮತ್ತು ಒಳಬರಹ ಜೋಡಿಸುವ ಉದಾಹರಣೆಯಲ್ಲೇ ಇದನ್ನು ಬಳಸಿ ತೋರಿಸಿದ್ದಾರೆ. ಮೈಎಸ್‌ಕ್ಯೂಎಲ್ ಅನ್ನುವ ಇನ್ನೊಂದು ಡೇಟಾಬೇಸಿನಲ್ಲಿ, ಜೋಡಿಸುವ ಫಂಕ್ಷನ್ "ಕಾನ್‌ಕ್ಯಾಟ್" ನಲ್ ಕೊಡುತ್ತದೆ, "ಕಾನ್‌ಕ್ಯಾಟ್ ಡಬ್ಲ್ಯೂಎಸ್" ನಲ್ ಅನ್ನು ದಾಟಿ ಮುಂದೆ ಹೋಗುತ್ತದೆ. ಬದಲಾಯಿಸಿದ ಮೇಲೆ ಸೂಚಿಯನ್ನು ಹೊಸದಾಗಿ ಕಟ್ಟಲು ಹೇಳಿ. ಅದನ್ನು ಮರೆತರೆ ಏನೂ ಬದಲಾಗಿರುವುದಿಲ್ಲ.

ಸಾಧನಕೇರಿ (ಧಾರವಾಡ)

ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತಿಯಾದವಳು ನಾನು. ಇದನ್ನು ಓದಿ ಮನಸ್ಸಿಗೆ ಬೇಜಾರಾಯಿತು. ನಾವು ಜೀವಮಾನವಿಡೀ ಬರೀ ಶೀರ್ಷಿಕೆಗಳ ಮೇಲೇ ಹುಡುಕಾಟ ನಡೆಸಿದವರು. ಒಂದು ಕಾರ್ಡ್, ಅದರ ಮೇಲೆ ಹೆಸರು, ಬರೆದವರು, ಕಪಾಟಿನ ಸಂಖ್ಯೆ. ಪುಸ್ತಕದ ಒಳಗಿನ ಒಂದು ಸಾಲೂ ಅಲ್ಲಿ ಇರುತ್ತಿರಲಿಲ್ಲ. ಜನ ಬೇಕಾದ ಪುಸ್ತಕ ಹುಡುಕಿಕೊಳ್ಳುತ್ತಿದ್ದರು. ಶೀರ್ಷಿಕೆ ಒಂದೇ ಇದೆ ಅಂತ ಕಾರ್ಡನ್ನು ಯಾರೂ ಎಸೆಯುತ್ತಿರಲಿಲ್ಲ.

ಒಂದು ಸಲಹೆ. ವಿಷಯದ ಸಾಲನ್ನೇ ನಕಲು ಮಾಡಿ ಒಳಬರಹದ ಜಾಗದಲ್ಲೂ ಹಾಕಿಬಿಟ್ಟರೆ ಹೇಗೆ? ಕೋಡ್ ಮುಟ್ಟುವ ಕೆಲಸವೇ ಇರುವುದಿಲ್ಲ.

ಉಣಕಲ್ ದಂಡೆ (ಹುಬ್ಬಳ್ಳಿ)

ಅಮ್ಮಾ, ದಯವಿಟ್ಟು ಬೇಡ. ಎರಡು ಕಾರಣ. ಹಾಗೆ ಮಾಡಿದರೆ ಪ್ರತಿ ಪದ ಎರಡು ಸಲ ಎಣಿಕೆಗೆ ಬರುತ್ತದೆ, ಆಮೇಲೆ ಯಾವುದು ಮೇಲೆ ಬರಬೇಕು ಅನ್ನುವ ಲೆಕ್ಕ ಕೆಡುತ್ತದೆ. ಅದಕ್ಕಿಂತ ದೊಡ್ಡದು ಇನ್ನೊಂದು. ಅವರ ಅಪ್ಪ ಒಳಗೆ ಏನೂ ಬರೆದಿರಲಿಲ್ಲ. ಬರೆದಿದ್ದರು ಅನ್ನುವ ಹಾಗೆ ದಾಖಲೆಯನ್ನು ನಾವು ತಿದ್ದಬಾರದು. ಸೂಚಿಯಲ್ಲಿ ಏನು ಬೇಕಾದರೂ ಮಾಡಿ, ಮೂಲ ಹಾಗೇ ಇರಲಿ.

ಸಾಧನಕೇರಿ (ಧಾರವಾಡ)

ಒಪ್ಪಿದೆ. ಎರಡನೆಯ ಕಾರಣ ನನಗೇ ಹೊಳೆಯಬೇಕಿತ್ತು.

ಹಾಗಾದರೆ ಇನ್ನೊಂದು ಮಾತು. ನಾವು ವರ್ಷಕ್ಕೊಮ್ಮೆ ಪುಸ್ತಕಗಳನ್ನು ರಿಜಿಸ್ಟರ್ ಜೊತೆ ತಾಳೆ ನೋಡುತ್ತಿದ್ದೆವು. ನೀವೂ ಎಣಿಸಿ. ಮೂಲ ಪೆಟ್ಟಿಗೆಯಲ್ಲಿ ಅಪ್ಪನ ಮೇಲ್ ಎಷ್ಟು, ಹುಡುಗ ಮಾಡಿದ ಪುಟದಲ್ಲಿ ಎಷ್ಟು? ಎರಡೂ ಒಂದೇ ಸಂಖ್ಯೆ ಬರಬೇಕು.

ಎರೆಹೊಲ (ಧಾರವಾಡ)

ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ಹುಡುಗ ಕೊಅಲೆಸ್ ಹಾಕಿ ಸೂಚಿ ಹೊಸದಾಗಿ ಕಟ್ಟಿದ. "ಮಿರಗ" ಅಂತ ಹಾಕಿದರೆ 2018, 2019, 2020 ಎಲ್ಲಾ ಸಾಲಾಗಿ ಬಂದವು. ಅವ್ವನನ್ನು ಕರೆದು ತೋರಿಸಿದೆ. ಉಣಕಲ್ ದಂಡೆ ಅವರಿಗೆ ಎಷ್ಟು ಧನ್ಯವಾದ ಹೇಳಿದರೂ ಕಡಿಮೆ.

ಎಣಿಸುವುದು ಇನ್ನೂ ಬಾಕಿ ಇದೆ ಅಮ್ಮಾ, ಮಾಡುತ್ತೇನೆ. ಅಷ್ಟರಲ್ಲಿ ಇನ್ನೊಂದು ಸಿಕ್ಕಿದೆ. ಬೆಣ್ಣಿಹಳ್ಳ ತುಂಬಿದಾಗೆಲ್ಲಾ ಅಪ್ಪ ಬರೆಯುತ್ತಿದ್ದರು, ನನಗೆ ಚೆನ್ನಾಗಿ ನೆನಪಿದೆ. "ಬೆಣ್ಣಿಹಳ್ಳ" ಅಂತ ಹುಡುಕಿದರೆ ಒಂದೂ ಇಲ್ಲ. "ತುಂಬಿದೆ" ಅಂತ ಹಾಕಿದರೆ ಬಂತು. ಬಂದದ್ದು ಹೀಗೆ ಕಾಣುತ್ತಿದೆ:

"ಮಳೆ 22 ಮಿಮೀ ಬೆಣ್ ಣಿಹಳ್ಳ ತುಂಬಿದೆ"

ಪದದ ನಡುವೆ ಸೀಳಿದ ಹಾಗಿದೆ. ಅಪ್ಪ ಹೀಗೆ ಬರೆಯುವವರಲ್ಲ.

ಬೆಟಗೇರಿ ಮಗ್ಗ (ಗದಗ)

ಇದು ನನಗೆ ಗೊತ್ತು. ಕನ್ನಡದಲ್ಲಿ ವಿಷಯ ಬರೆಯುವವರಿಗೆ ಹೆಚ್ಚು ತಟ್ಟುವ ತೊಂದರೆ ಇದು.

ಮೇಲ್ ಹುಟ್ಟಿದ್ದು ಇಂಗ್ಲಿಷ್ ಅಕ್ಷರಗಳಿಗೆ. ಒಳಬರಹದಲ್ಲಿ ಕನ್ನಡ ಹಾಕಲು ಒಂದು ದಾರಿ, ತಲೆಬರಹದಲ್ಲಿ ಹಾಕಲು ಇನ್ನೊಂದು ದಾರಿ ಮಾಡಿದರು. ತಲೆಬರಹದ ನಿಯಮ 1996ರ ಆರ್‌ಎಫ್‌ಸಿ 2047. ಅದರ ಪ್ರಕಾರ ಕನ್ನಡ ಅಕ್ಷರಗಳನ್ನು ಇಂಗ್ಲಿಷ್ ಅಕ್ಷರ, ಅಂಕಿಗಳ ಸಂಕೇತವಾಗಿ ಬದಲಾಯಿಸಿ ಕಳಿಸಬೇಕು. ಒಂದು ಸಂಕೇತದ ತುಂಡು 75 ಅಕ್ಷರ ಮೀರಬಾರದು, ಅದು ಇರುವ ಸಾಲು 76 ಮೀರಬಾರದು. ಜಾಸ್ತಿ ಆದರೆ ಎರಡು ತುಂಡು, ಮೂರು ತುಂಡು ಮಾಡಬೇಕು.

ಈಗ ಲೆಕ್ಕ ಹಾಕಿ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. ಅಕ್ಷರ ಬೇರೆ, ಗುಣಿತ ಬೇರೆ, ಅರ್ಧಾಕ್ಷರ ಮಾಡುವ ವಿರಾಮ ಬೇರೆ. "ಳ್ಳಿ" ಅನ್ನುವುದೊಂದೇ 4 ಚಿಹ್ನೆ, 12 ಬೈಟ್. ಸಂಕೇತಕ್ಕೆ ಬದಲಾದಾಗ 3 ಬೈಟ್ 4 ಅಕ್ಷರ ಆಗುತ್ತದೆ. ಸಾಲಿನ ಮೊದಲು "ಸಬ್ಜೆಕ್ಟ್" ಅನ್ನುವ ಇಂಗ್ಲಿಷ್ ಪದ, ಅದರ ಪಕ್ಕದ ಎರಡು ಚುಕ್ಕಿ, ಒಂದು ಖಾಲಿ ಜಾಗ ಸೇರಿ 9 ಹೋಯಿತು. ಸಂಕೇತದ ಹಿಂದೆ ಮುಂದೆ ಹಾಕುವ ಗುರುತಿಗೆ 12 ಹೋಯಿತು. ಉಳಿದದ್ದು 55. ಅದರಲ್ಲಿ ಹಿಡಿಸುವುದು 39 ಬೈಟ್, ಅಂದರೆ ಕನ್ನಡದ 13 ಚಿಹ್ನೆ.

ನಿಮ್ಮ ಅಪ್ಪನ ಸಾಲನ್ನೇ ಎಣಿಸಿದೆ. "ಮಳೆ 22 ಮಿಮೀ ಬೆಣ್" ತನಕ 38 ಬೈಟ್. ಮುಂದಿನ "ಣ" ಸೇರಿಸಿದರೆ 41. ಹಿಡಿಸುವುದಿಲ್ಲ. ಅದಕ್ಕೇ ಸರಿಯಾಗಿ ಅಲ್ಲೇ ತುಂಡಾಗಿದೆ.

ತುಂಡಾದದ್ದು ತಪ್ಪಲ್ಲ. ಓದುವಾಗ ಎರಡು ತುಂಡಿನ ನಡುವಿನ ಖಾಲಿ ಜಾಗ ತೆಗೆದು ಅಂಟಿಸಬೇಕು ಅಂತ ಅದೇ ನಿಯಮ ಹೇಳುತ್ತದೆ. ನಿಮ್ಮ ಹುಡುಗನ ಕೋಡ್ ತುಂಡುಗಳನ್ನು ಬಿಡಿಸಿ, ನಡುವೆ ಒಂದು ಸ್ಪೇಸ್ ಹಾಕಿ ಜೋಡಿಸುತ್ತಿದೆ. ಇಂಗ್ಲಿಷ್ ವಿಷಯಗಳಿಗೆ ಈ ಸಂಕೇತವೇ ಬೇಕಾಗಿಲ್ಲ, ಹಾಗಾಗಿ ಅಲ್ಲಿ ಈ ತಪ್ಪು ಹೊರಗೆ ಬರುವುದಿಲ್ಲ. ಒಳಬರಹ ಇದ್ದವರಿಗೂ ಗೊತ್ತಾಗುವುದಿಲ್ಲ, ಯಾಕೆಂದರೆ ಅದೇ ಪದ ಒಳಗೆ ಇನ್ನೊಮ್ಮೆ ಸರಿಯಾಗಿ ಬಂದಿರುತ್ತದೆ. ಎಲ್ಲವನ್ನೂ ವಿಷಯದಲ್ಲೇ ಬರೆದವರ ಪದ ಮಾತ್ರ ಸೀಳಿ ಹೋಗುತ್ತದೆ.

ಎರೆಹೊಲ (ಧಾರವಾಡ)

ಸರಿಹೋಯಿತು! ಆ ಒಂದು ಸ್ಪೇಸ್ ತೆಗೆದ. ಬೆಣ್ಣಿಹಳ್ಳ ಒಟ್ಟು 17 ಸಲ ಬಂತು.

ಏಲಕ್ಕಿ ಹಾರ (ಹಾವೇರಿ)

ನನ್ನದೂ ಸರಿಹೋಯಿತು. ಆ್ಯಪ್‌ನಲ್ಲಿ "ಎಲ್ಲಾ ಕಡೆ" ಅಂತ ಬದಲಾಯಿಸಿದೆ. ಆದರೆ ಈಗ ಉಲ್ಟಾ ತೊಂದರೆ. ನಮ್ಮ ಕಚೇರಿಯ ಹಂಚಿಕೆಯ ದಾಖಲೆಯಲ್ಲಿ ಹುಡುಕಿದರೆ ಒಂದು ಸಾಲಿನ ಮೇಲ್‌ಗಳೇ ಮೇಲೆ ಮೇಲೆ ಬರುತ್ತವೆ. "ಡಬ್ಬಿ ಬಗ್ಗೆ ಫೋನ್ ಮಾಡಿ" ಅನ್ನುವುದು ಮೊದಲು. ಡಬ್ಬಿಯ ತೇವಾಂಶ, ಬಣ್ಣ, ದಾಸ್ತಾನು ಎಲ್ಲಾ ವಿವರವಾಗಿ ಬರೆದ ಮೇಲ್ ಎಲ್ಲೋ ಕೆಳಗೆ. ಖಾಲಿ ಮೇಲ್‌ಗಳನ್ನು ಕೆಳಗೆ ತಳ್ಳುವುದೇ ಒಳ್ಳೆಯದು ಅನ್ನಿಸುತ್ತದೆ.

ಉಣಕಲ್ ದಂಡೆ (ಹುಬ್ಬಳ್ಳಿ)

ಇದಕ್ಕೂ ಕಾರಣ ಇದೆ. ಯಾವುದು ಮೇಲೆ ಬರಬೇಕು ಅಂತ ಲೆಕ್ಕ ಹಾಕಲು ಈಗ ಬಹಳ ಕಡೆ ಬಳಸುವ ಸೂತ್ರ ಬಿಎಂ25. ಲೂಸೀನ್ ಅನ್ನುವ ಹುಡುಕಾಟದ ತಂತ್ರಾಂಶದಲ್ಲಿ 2016ರ ಆರನೇ ಆವೃತ್ತಿಯಿಂದ ಇದೇ ಮೂಲ ಸೂತ್ರ. ಅದು ಉದ್ದದ ಲೆಕ್ಕ ಹಿಡಿಯುತ್ತದೆ. ನಾಲ್ಕು ಪದದ ಬರಹದಲ್ಲಿ "ಡಬ್ಬಿ" ಒಮ್ಮೆ ಬಂದರೆ ಆ ಬರಹ ಡಬ್ಬಿಯ ಬಗ್ಗೆಯೇ ಇರಬೇಕು, 200 ಪದದ ಬರಹದಲ್ಲಿ ಒಮ್ಮೆ ಬಂದರೆ ಸುಮ್ನೆ ಬಂದಿರಬಹುದು ಅಂತ ಅದರ ನಂಬಿಕೆ. ಸರಾಸರಿ ಉದ್ದ 40 ಪದ ಅಂತ ಇಟ್ಟುಕೊಂಡು, ರೂಢಿಯ ಅಳತೆಗಳಾದ 1.2 ಮತ್ತು 0.75 ಹಾಕಿ ಲೆಕ್ಕ ಮಾಡಿದೆ. ನಾಲ್ಕು ಪದದ್ದಕ್ಕೆ 1.58 ಅಂಕ, ಇನ್ನೂರು ಪದದ್ದಕ್ಕೆ 0.38. ನಾಲ್ಕು ಪಟ್ಟು ವ್ಯತ್ಯಾಸ. ಇದರ ಮೇಲೆ "ವಿಷಯದಲ್ಲಿ ಇದ್ದರೆ ಜಾಸ್ತಿ ಅಂಕ" ಅಂತ ಬೇರೆ ಕೊಟ್ಟಿದ್ದರೆ ಒಂದೇ ಗುಣಕ್ಕೆ ಎರಡು ಸಲ ಬಹುಮಾನ ಕೊಟ್ಟ ಹಾಗೆ.

ಆದರೆ ಕೆಳಗೆ ತಳ್ಳುವುದನ್ನು ನಾನು ಒಪ್ಪುವುದಿಲ್ಲ. ಉದ್ದದ ಪರಿಣಾಮ ಎಷ್ಟಿರಬೇಕು ಅನ್ನುವುದು ಆ 0.75 ಅಳತೆಯಲ್ಲಿದೆ. ವಿಷಯದ ಕಾಲಂಗೆ ಅದನ್ನು ಸೊನ್ನೆ ಮಾಡಿ. ಆಗ ಸಣ್ಣದಕ್ಕೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಬೇಕಿದ್ದರೆ ದಿನಾಂಕದ ಪ್ರಕಾರ ಜೋಡಿಸಿ.

ಏಲಕ್ಕಿ ಹಾರ (ಹಾವೇರಿ)

ಮಳೆಯ ಲೆಕ್ಕಕ್ಕೆ ಅದು ಸರಿ. ಅಲ್ಲಿ ಒಂದು ಸಾಲೇ ಪೂರ್ತಿ ಮಾಹಿತಿ. ನಮ್ಮಲ್ಲಿ ಒಂದು ಸಾಲಿನ ಮೇಲ್ ಅಂದರೆ ಬಹಳ ಸಲ ಬರೀ ಕರೆ. ಎರಡಕ್ಕೂ ಒಂದೇ ನಿಯಮ ಆಗದು. ನಮ್ಮಲ್ಲಿ ನಾನು ವಿವರ ಇದ್ದದ್ದನ್ನೇ ಮೇಲೆ ಇಡುತ್ತೇನೆ. ಸಣ್ಣದ್ದು ಕೆಳಗಿದ್ದರೂ ಸಿಕ್ಕರೆ ಸಾಕು.

ಬೆಟಗೇರಿ ಮಗ್ಗ (ಗದಗ)

ವಿಷಯದ ಸಾಲಿಗೆ ಕನ್ನಡದಲ್ಲಿ ಒಂದು ಒಳ್ಳೆಯ ಗುಣ ಇದೆ, ಅದನ್ನು ಯಾರೂ ಹೇಳಲಿಲ್ಲ. ಒಳಗೆ ಬರೆಯುವಾಗ ನಾವು "ಗದಗದಲ್ಲಿ", "ಗದಗಕ್ಕೆ", "ಗದಗದಿಂದಲೂ" ಅಂತ ಬರೆಯುತ್ತೇವೆ. ಕನ್ನಡದ ಪ್ರತ್ಯಯ ಬಿಡಿಸಲು ಬಾರದ ಹುಡುಕಾಟಕ್ಕೆ ಇವೆಲ್ಲಾ ಬೇರೆ ಬೇರೆ ಪದ. ವಿಷಯದಲ್ಲಿ ಮಾತ್ರ "ಗದಗ ಸೀರೆ ಆರ್ಡರ್" ಅಂತ ಬಿಡಿಯಾಗಿ ಬರೆಯುತ್ತೇವೆ. ಹುಡುಕುವವರೂ ಬಿಡಿಯಾಗೇ ಹಾಕುತ್ತಾರೆ. ಹಾಗಾಗಿ ವಿಷಯ ಬೇಗ ಹೊಂದುತ್ತದೆ.

ಆದರೆ ನನಗೆ ನಮ್ಮೂರ ಹೆಸರೇ ಸಿಗದೆ ಒದ್ದಾಡಿದ್ದೂ ಇದೆ. ಮೈಎಸ್‌ಕ್ಯೂಎಲ್‌ನ ಹಳೆಯ ಮೈಐಸ್ಯಾಮ್ ಪದ್ಧತಿಯಲ್ಲಿ 4 ಚಿಹ್ನೆಗಿಂತ ಸಣ್ಣ ಪದವನ್ನು ಸೂಚಿಗೆ ಸೇರಿಸುವುದಿಲ್ಲ, ಅಳತೆ ಬದಲಾಯಿಸದಿದ್ದರೆ. "ಗದಗ" ಸರಿಯಾಗಿ ಮೂರು. ಇನ್ನೊಡಿಬಿ ಪದ್ಧತಿಯಲ್ಲಿ ಕನಿಷ್ಠ 3, ಅಲ್ಲಿ ಉಳಿದುಕೊಳ್ಳುತ್ತದೆ.

ಸಾಧನಕೇರಿ (ಧಾರವಾಡ)

ಕಾಗುಣಿತದ ಬಗ್ಗೆಯೂ ಹೇಳಬೇಕು. ನಿಮ್ಮ ಅಪ್ಪ ಒಮ್ಮೆ ಮಿರಗ, ಒಮ್ಮೆ ಮೃಗಶಿರಾ ಅಂತ ಬರೆದಿರುತ್ತಾರೆ. ರೋಣಿ ಮತ್ತು ರೋಹಿಣಿ, ಆದ್ರಿ ಮತ್ತು ಆರಿದ್ರಾ, ಹಸ್ತಿ ಮತ್ತು ಹಸ್ತ. ಒಳಬರಹ ಇದ್ದಿದ್ದರೆ ಎರಡರಲ್ಲಿ ಒಂದು ಎಲ್ಲಾದರೂ ಸಿಗುತ್ತಿತ್ತು. ಒಂದೇ ಸಾಲು ಇದ್ದಾಗ ಅವರು ಆ ದಿನ ಬರೆದ ರೂಪವೇ ನಮ್ಮ ಪಾಲಿಗೆ ಇರುವುದು. ಒಂದು ಹಾಳೆಯಲ್ಲಿ ಜೋಡಿ ಪದಗಳನ್ನು ಬರೆದು ಹುಡುಗನಿಗೆ ಕೊಡಿ, ಒಂದನ್ನು ಹುಡುಕಿದರೆ ಇನ್ನೊಂದೂ ಬರುವ ಹಾಗೆ ಮಾಡಲಿ. ಅದೂ ಸಾಲದಿದ್ದರೆ ದಿನಾಂಕ ಹಿಡಿಯಿರಿ. ಮಿರಗ ಜೂನ್ 7, 8ರ ಸುಮಾರಿಗೆ ಕೂಡುತ್ತದೆ. ಒಂದೊಂದು ಮಳೆಗೂ ಹದಿಮೂರು ಹದಿನಾಲ್ಕು ದಿನ. ಹೆಸರು ಏನೇ ಬರೆದಿರಲಿ, ದಿನಾಂಕ ತಪ್ಪುವುದಿಲ್ಲ.

ಎಣಿಸಿದಿರಾ?

ಎರೆಹೊಲ (ಧಾರವಾಡ)

ಜೋಡಿ ಪದಗಳನ್ನು ಅವ್ವನ ಹತ್ತಿರ ಕೂತು ಬರೆಸಿಕೊಂಡೆ. ಅವ್ವನಿಗೆ ನನಗಿಂತ ಜಾಸ್ತಿ ಗೊತ್ತು. "ರೋಣಿ ಮಳೆ ಬಂದರೆ ಓಣಿ ತುಂಬಾ ಜೋಳ" ಅಂತ ಹೇಳುತ್ತಾ ಬರೆಸಿದಳು. "ಹೆಸರು" ಪದಕ್ಕೆ ಮಾತ್ರ ದಾರಿ ಕಾಣಲಿಲ್ಲ. ಹೆಸರುಕಾಳಿನದ್ದು ಹುಡುಕಿದರೆ "ಪಹಣಿಯಲ್ಲಿ ಹೆಸರು ತಪ್ಪಾಗಿದೆ" ಅನ್ನುವುದೂ ಬರುತ್ತದೆ. ಎರಡು ಮೂರು ಪದದ ಸಾಲು, ಯಾವ ಹೆಸರು ಅಂತ ಯಂತ್ರ ಹೇಗೆ ತಿಳಿದೀತು? ಜೊತೆಗೆ "ಬಿತ್ತಿದೆವು" ಅಂತ ಹಾಕಿ ಹುಡುಕುತ್ತಿದ್ದೇನೆ.

ಎಣಿಸಿದೆ ಅಮ್ಮಾ. ಮೂಲ ಪೆಟ್ಟಿಗೆಯಲ್ಲಿ 2,318. ಪುಟದಲ್ಲಿ 2,007. 311 ಮೇಲ್ ಸೇರೇ ಇಲ್ಲ. ಇವು ಪಟ್ಟಿಯಲ್ಲೂ ಇಲ್ಲ.

ಉಣಕಲ್ ದಂಡೆ (ಹುಬ್ಬಳ್ಳಿ)

ಸೇರದೇ ಉಳಿದ ಒಂದು ಮೇಲ್‌ನ ವಿಷಯ ಏನು ಅಂತ ಬರೆಯಿರಿ. ಕೋಡ್ ಯಾವ ಭಾಷೆಯದ್ದು?

ಎರೆಹೊಲ (ಧಾರವಾಡ)

ಪಿಎಚ್‌ಪಿ. ಎರಡೂ ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿದೆ. ಸೇರದೇ ಉಳಿದವಕ್ಕೆಲ್ಲಾ ಒಂದೇ ವಿಷಯ.

"0"

ಉಣಕಲ್ ದಂಡೆ (ಹುಬ್ಬಳ್ಳಿ)

ಅರ್ಥವಾಯಿತು. "ವಿಷಯವೂ ಖಾಲಿ, ಒಳಗೂ ಖಾಲಿ ಇದ್ದರೆ ಬಿಟ್ಟುಬಿಡು" ಅಂತ ಹುಡುಗ ಒಂದು ಸಾಲು ಬರೆದಿರುತ್ತಾನೆ. ಬಹಳ ಜನ ಬರೆಯುತ್ತಾರೆ. ಪಿಎಚ್‌ಪಿಯಲ್ಲಿ "ಎಂಪ್ಟಿ" ಅಂತ ಕೇಳಿದರೆ ಬರೀ ಸೊನ್ನೆ ಇರುವ ಅಕ್ಷರಸಾಲನ್ನೂ ಖಾಲಿ ಅನ್ನುತ್ತದೆ. ಆ ಭಾಷೆಯ ನಿಯಮವೇ ಹಾಗೆ. "ಮಳೆ 0" ಅಂತ ಬರೆದಿದ್ದರೆ ಉಳಿಯುತ್ತಿತ್ತು. ಬರೀ "0" ಬರೆದದ್ದು ಬಿದ್ದುಹೋಯಿತು. ಎಂಪ್ಟಿ ತೆಗೆದು, ಉದ್ದ ಸೊನ್ನೆಯಾ ಅಂತ ನೋಡಲು ಹೇಳಿ. ಮೂಲ ಪೆಟ್ಟಿಗೆಯಿಂದ ಮತ್ತೊಮ್ಮೆ ತುಂಬಿಸಿ.

ಮಳೆ ಬಾರದ ದಿನವೂ ಅಳೆದು ಬರೆದಿದ್ದಾರೆ ನಿಮ್ಮ ಅಪ್ಪ. ಸೊನ್ನೆಗೂ "ಬರೆದಿಲ್ಲ" ಅನ್ನುವುದಕ್ಕೂ ಇರುವ ವ್ಯತ್ಯಾಸ ಅವರಿಗೆ ಗೊತ್ತಿತ್ತು.

ಸಾಧನಕೇರಿ (ಧಾರವಾಡ)

ಆ 311 ಇಲ್ಲದೆ ನೀವು ಸರಾಸರಿ ತೆಗೆದಿದ್ದರೆ ನಿಮ್ಮ ಹೊಲದಲ್ಲಿ ಮಳೆ ಜಾಸ್ತಿ ಅಂತ ಬರುತ್ತಿತ್ತು. ತುಂಬಿಸಿದ ಮೇಲೆ ಮತ್ತೆ ಎಣಿಸಿ.

ಎರೆಹೊಲ (ಧಾರವಾಡ)

ಎಣಿಸಿದೆ. ಅಲ್ಲೂ 2,318, ಇಲ್ಲೂ 2,318.

2016ರ ಆಗಸ್ಟ್ ತೆರೆದು ಕೂತಿದ್ದೇನೆ. ಹಳೆಯ ಫೋನಿನ ಕಾಲದ್ದು, ಒಳಗೆ ಆ ಇಂಗ್ಲಿಷ್ ಸಾಲು ಇದ್ದೀತು ಅಂದುಕೊಂಡಿದ್ದೆ. ಆ ತಿಂಗಳು ಅಪ್ಪ ಕಣ್ಣಿನ ಆಪರೇಷನ್‌ಗೆ ಹುಬ್ಬಳ್ಳಿಯಲ್ಲಿದ್ದರು. ಅಳೆದದ್ದು ಅವ್ವ, ಕಳಿಸಿದ್ದು ಪಕ್ಕದ ಹೊಲದವರ ಫೋನಿನಿಂದ, ಅಪ್ಪನ ಖಾತೆಯಲ್ಲಿ. 0, 0, 0, 3 ಮಿಮೀ, 0, 0. ಇದನ್ನು ಅವ್ವ ನನಗೆ ಯಾವತ್ತೂ ಹೇಳಿರಲಿಲ್ಲ. ಈಗ ಕೇಳಿದರೆ, "ಎಂಟೂವರೆಗೆ ನೋಡು ಅಂದಿದ್ದರು, ನೋಡಿದೆ" ಅಂದಳು.